ಬಿಸಿ ನೆಲದ ಮೀಥೇನ್ ಮತ್ತು ಮಣ್ಣಿನ ಸುಂಕ

(ವಿಶ್ವ ಮಣ್ಣಿನ ದಿನದಂದು ಕೋಲಾರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಅಧ್ಯಕ್ಷರಿಗೆ, ವೇದಿಕೆಯ ಮೇಲಿರುವ ಹಿರಿಯರಿಗೆ, ತಾಲ್ಲೂಕು ತಾಲ್ಲೂಕಿನಿಂದ ಬಂದಿರುವ ರೈತರಿಗೆ, ವಿಜ್ಞಾನದ ಮೇಷ್ಟ್ರುಗಳಿಗೆ, ಹಿಂದುಗಡೆ ನಿಂತೇ ಇರುವ ಮಕ್ಕಳಿಗೆ ನಮಸ್ಕಾರ. ಮಕ್ಕಳೇ, ಮುಂದೆ ಬಂದು ನೆಲದ ಮೇಲೆ ಕೂತುಕೊಳ್ಳಿ. ಮಣ್ಣಿನ ದಿನ ಅಲ್ವಾ, ನೆಲದ ಮೇಲೆ ಕೂತರೆ ಒಳ್ಳೆಯದೇ.

ಡಿಸೆಂಬರ್ 5 ಬಂತು ಅಂದರೆ ಎರೆಹುಳು, ಹಸಿರೆಲೆ ಗೊಬ್ಬರ, ಮಣ್ಣು ಪರೀಕ್ಷೆಯ ಕಾರ್ಡು, ಇವುಗಳ ಬಗ್ಗೆ ಮಾತಾಡುವುದು ವಾಡಿಕೆ. ನನಗಿಂತ ಮೊದಲು ಮಾತಾಡಿದವರು ಅದನ್ನೆಲ್ಲ ಚೆನ್ನಾಗಿ ಹೇಳಿದರು. ನಾನು ಬೇರೆ ಮಣ್ಣಿನ ವಿಷಯ ತಂದಿದ್ದೇನೆ. ಒಂದು ಅಡಿ ಅಗೆದರೆ ಕೈ ಸುಡುವ ಮಣ್ಣು, ಅದರೊಳಗಿಂದ ಮೇಲೇಳುವ ಮೀಥೇನ್. ಕೋಲಾರದಲ್ಲಿ ನಿಂತು ಇದನ್ನು ಯಾಕೆ ಹೇಳಬೇಕು? ಕಾರಣ ಇದೆ. 2025ರಲ್ಲಿ ಕೇಂದ್ರ ಸರ್ಕಾರ ಭೂಶಾಖಕ್ಕೆ ಅಂತಲೇ ಒಂದು ರಾಷ್ಟ್ರೀಯ ನೀತಿ ಹೊರಡಿಸಿತು. ಲಡಾಖ್‌ನ ಪೂಗಾ ಕಣಿವೆಯಲ್ಲಿ ನೆಲದ ಶಾಖದಿಂದ ವಿದ್ಯುತ್ ತೆಗೆಯಲು ಓಎನ್‌ಜಿಸಿ 2021ರಲ್ಲೇ ಒಪ್ಪಂದ ಮಾಡಿಕೊಂಡಿತ್ತು. ನಮ್ಮ ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳಿವೆ. ಇನ್ನು ಹತ್ತು ಹದಿನೈದು ವರ್ಷದಲ್ಲಿ ಆ ನೆಲಗಳಿಂದ ಎಷ್ಟು ಮೀಥೇನ್ ಬರುತ್ತದೆ ಅಂತ ಲೆಕ್ಕ ಬರೆಯಬೇಕಾದವರು ಈ ಮಕ್ಕಳಲ್ಲೇ ಯಾರಾದರೂ ಆಗಬಹುದು. ಅವರಿಗೆ ನಾನು ಹೇಳಲು ಬಂದಿರುವುದು ಒಂದೇ ಮಾತು. ಮಣ್ಣಿನ ಮೇಲೆ ಡಬ್ಬಿ ಬೋರಲು ಹಾಕಿ ಅಳೆಯದೆ ಅಂಕಿ ಬರೆಯಬೇಡಿ. ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೀಥೇನ್ ನಿಮಗೆ ಗೊತ್ತಿರುವ ಗಾಳಿಯೇ. ಗೋಬರ್ ಗ್ಯಾಸ್ ಗುಂಡಿಯಿಂದ ಒಲೆಗೆ ಬರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ. ಸಗಣಿಗೆ ಗಾಳಿಯಾಡದಂತೆ ಮುಚ್ಚಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ತಯಾರು ಮಾಡುತ್ತವೆ. ಹಸುವಿನ ಹೊಟ್ಟೆಯಲ್ಲೂ ಅದೇ, ಭತ್ತದ ಗದ್ದೆಯ ಕೆಸರಲ್ಲೂ ಅದೇ. ಭೂಮಿಯ ಆಳದಲ್ಲಿ ಮಾತ್ರ ಜೀವಿಗಳ ಸಹಾಯವಿಲ್ಲದೆಯೂ ಮೀಥೇನ್ ಹುಟ್ಟುತ್ತದೆ. ಹೂತುಹೋದ ಹಳೆಯ ಜೈವಿಕ ಪದಾರ್ಥ ಶಾಖಕ್ಕೆ ಒಡೆದು ಆಗಬಹುದು. ಕಾರ್ಬನ್ ಡೈ ಆಕ್ಸೈಡ್ ಮತ್ತು ಹೈಡ್ರೋಜನ್ ಬಿಸಿ ಬಂಡೆಯ ನಡುವೆ ಸೇರಿಯೂ ಆಗಬಹುದು. 1776ರಲ್ಲಿ ಇಟಲಿಯ ಅಲೆಸಾಂಡ್ರೊ ವೋಲ್ಟಾ ಮಾಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕಲಕಿ, ಎದ್ದ ಗುಳ್ಳೆಗಳನ್ನು ಹಿಡಿದು ಉರಿಸಿ ನೋಡಿದ. ಬ್ಯಾಟರಿ ಕಂಡುಹಿಡಿದನಲ್ಲ, ಅದೇ ವೋಲ್ಟಾ. ಮೀಥೇನಿನ ಅಧ್ಯಯನ ಕೆಸರಿನಿಂದಲೇ ಶುರುವಾಯಿತು ನೋಡಿ.

ಇದರ ಬಿಸಿ ಹಿಡಿಯುವ ಶಕ್ತಿ ಕಾರ್ಬನ್ ಡೈ ಆಕ್ಸೈಡ್‌ಗಿಂತ ಬಹಳ ಜಾಸ್ತಿ. ನೂರು ವರ್ಷದ ಲೆಕ್ಕದಲ್ಲಿ ಸುಮಾರು 28 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು. ಕೈಗಾರಿಕೆಗಳು ಬರುವ ಮೊದಲು ವಾತಾವರಣದಲ್ಲಿ ನೂರು ಕೋಟಿ ಕಣಕ್ಕೆ 700ರ ಆಸುಪಾಸಿನಲ್ಲಿದ್ದ ಮೀಥೇನ್ ಈಗ 1900 ದಾಟಿದೆ. ಇಷ್ಟು ಸಾಕು, ಇದು ನಿಮ್ಮ ಪಾಠಪುಸ್ತಕದಲ್ಲೇ ಇದೆ.

ಮುಳಬಾಗಿಲು ಕಡೆಯ ರೈತರೊಬ್ಬರು ಒಂದು ಸಲ ಕೇಳಿದರು. "ಮೇಷ್ಟ್ರೇ, ಸಾವಿರದ ಇನ್ನೂರು ಅಡಿ ಬೋರ್ ಹಾಕಿಸಿದೆ. ನೀರು ಉಗುರುಬೆಚ್ಚಗೆ ಬರ್ತಾ ಇದೆ. ನಮ್ಮ ಕೆಳಗೂ ಜ್ವಾಲಾಮುಖಿ ಇದೆಯಾ?" ಇಲ್ಲ. ಆಳಕ್ಕೆ ಹೋದಷ್ಟೂ ಎಲ್ಲ ನೆಲವೂ ಬಿಸಿಯೇ. ಇದು ಕೋಲಾರದವರಿಗೆ ಗೊತ್ತಿರುವಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತು? ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯೇ ಅರವತ್ತು ಡಿಗ್ರಿ ದಾಟಿತ್ತು. 2001ರಲ್ಲಿ ಗಣಿ ಮುಚ್ಚಿತು. ಆ ಬಿಸಿಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿದ್ದೀರಿ. ನಿಮ್ಮ ಹಿರಿಯರ ಮೈಗೆ ಗೊತ್ತಿದ್ದದ್ದನ್ನು ನಾನು ಪುಸ್ತಕ ಓದಿ ಹೇಳುತ್ತಿದ್ದೇನೆ.

ಆದರೆ ನಮ್ಮದು ಬಹಳ ಹಳೆಯ, ತಣಿದ ಬಂಡೆ. ಬಿಸಿ ಆಳದಲ್ಲೇ ಉಳಿದಿದೆ. ಬಿರುಕುಗಳಲ್ಲಿ ಆಳಕ್ಕೆ ಇಳಿದ ಮಳೆನೀರು ಬಿಸಿಯಾಗಿ, ತಣಿಯುವುದಕ್ಕೆ ಮೊದಲೇ ಮೇಲೆ ಬಂದರೆ ಬಿಸಿನೀರಿನ ಬುಗ್ಗೆ. ಪುತ್ತೂರು ಹತ್ತಿರದ ಇರ್ದೆಯ ಬೆಂದ್ರ್ ತೀರ್ಥವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಇಟಲಿ, ಐಸ್‌ಲ್ಯಾಂಡ್, ನ್ಯೂಜಿಲೆಂಡ್ ಕಡೆ ಕೆಳಗೆ ಕರಗಿದ ಶಿಲೆಯೇ ಹತ್ತಿರ ಇರುವುದರಿಂದ ನೀರಿನ ಜೊತೆ ಅನಿಲಗಳೂ ದಂಡಿಯಾಗಿ ಬರುತ್ತವೆ. ಹೆಚ್ಚಿನ ಪಾಲು ಹಬೆ, ಆಮೇಲೆ ಕಾರ್ಬನ್ ಡೈ ಆಕ್ಸೈಡ್, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್, ಜೊತೆಗೆ ಸ್ವಲ್ಪ ಮೀಥೇನ್.

ಈ ಅನಿಲ ಎರಡು ಥರ ಹೊರಗೆ ಬರುತ್ತದೆ. ಒಂದು, ರಂಧ್ರದಿಂದ ಬುಸುಗುಟ್ಟಿಕೊಂಡು. ಅದು ಕಣ್ಣಿಗೆ ಕಾಣುತ್ತದೆ, ಎಲ್ಲರೂ ಅದರ ಮುಂದೆಯೇ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇನ್ನೊಂದು, ಸುತ್ತಮುತ್ತಲಿನ ಮಣ್ಣಿನಿಂದ ನಿಧಾನವಾಗಿ, ಕಾಣದ ಹಾಗೆ ಒಸರುತ್ತದೆ. ನನ್ನ ವಿಷಯ ಈ ಎರಡನೆಯದು.

ಇದನ್ನು ಲೆಕ್ಕ ಹಾಕಲು ಒಂದು ಸುಲಭದ ದಾರಿ ಇದೆ. ಮಣ್ಣಿನಿಂದ ಬರುವ ಕಾರ್ಬನ್ ಡೈ ಆಕ್ಸೈಡ್ ಅಳೆಯುವುದು ಸಲೀಸು, ಅದನ್ನು ಎಷ್ಟೋ ಜ್ವಾಲಾಮುಖಿಗಳಲ್ಲಿ ಅಳೆದಿದ್ದಾರೆ. ರಂಧ್ರದ ಅನಿಲದಲ್ಲಿ ಕಾರ್ಬನ್ ಡೈ ಆಕ್ಸೈಡ್‌ಗೆ ಎಷ್ಟು ಪಾಲು ಮೀಥೇನ್ ಇದೆ ಅಂತ ನೋಡುತ್ತಾರೆ. ಗುಣಿಸಿ ಭಾಗಿಸಿದರೆ ಮಣ್ಣಿನಿಂದ ಬರುವ ಮೀಥೇನ್ ಸಿಕ್ಕಿತು. ಮೇಷ್ಟ್ರುಗಳೇ, ತ್ರೈರಾಶಿ. ಲೆಕ್ಕದಲ್ಲಿ ತಪ್ಪಿಲ್ಲ, ಉತ್ತರ ಮಾತ್ರ ತಪ್ಪು. ಯಾಕೆಂದರೆ ಮಣ್ಣಿನಲ್ಲಿ ಮೀಥೇನ್ ತಿನ್ನುವವರಿದ್ದಾರೆ. ಕೆಳಗೆ ಹುಟ್ಟಿದ ಪ್ರಮಾಣವೇ ಮೇಲೂ ಬರುತ್ತದೆ ಅಂದುಕೊಂಡರೆ ಅಂಕಿ ಉಬ್ಬುತ್ತದೆ. ಗ್ರೀಸ್‌ನ, ಇಟಲಿಯ ಬಿಸಿ ನೆಲಗಳಲ್ಲಿ ಅಳೆದವರು ಇದನ್ನೇ ಹೇಳಿದರು.

ಮಣ್ಣು ಅನ್ನುವುದು ಒಂದು ಸುಂಕದ ಕಟ್ಟೆ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆಯಲ್ಲ, ಈ ಕಟ್ಟೆಯಲ್ಲೂ ಹಾಗೆಯೇ. ಮೀಥೇನ್ ಎಲ್ಲಿಂದ ಬಂತು, ಎಷ್ಟು ಕಷ್ಟಪಟ್ಟು ಬಂತು ಅಂತ ಯಾರೂ ಕೇಳುವುದಿಲ್ಲ. ಹಾದುಹೋಗುವಾಗ ಪಾಲು ಕಿತ್ತುಕೊಳ್ಳುತ್ತಾರೆ.

ಕಿತ್ತುಕೊಳ್ಳುವವರು ಯಾರು? ಈ ಕಥೆಯನ್ನು ಸ್ವಲ್ಪ ಹಿಗ್ಗಿಸಿಯೇ ಹೇಳುತ್ತೇನೆ. ನನಗೆ ಇದಕ್ಕಿಂತ ಇಷ್ಟವಾದ ಕಥೆ ವಿಜ್ಞಾನದಲ್ಲಿ ಇನ್ನೊಂದಿಲ್ಲ.

ನೇಪಲ್ಸ್ ಪಕ್ಕದಲ್ಲಿ ಪೊತ್ಸುವೋಲಿ ಅಂತ ಊರು. ಅಲ್ಲಿ ಸೋಲ್ಫತಾರಾ ಅನ್ನುವ ಜ್ವಾಲಾಮುಖಿಯ ಬಟ್ಟಲು. ಬಿಳಿ ನೆಲ, ಹಳದಿ ಗಂಧಕದ ಹರಳು, ಕುದಿಯುವ ಕೆಸರಿನ ಗುಂಡಿಗಳು. ಅಲ್ಲಿಯ ಮಣ್ಣು ಎಷ್ಟು ಹುಳಿ ಅಂದರೆ ಪಿಎಚ್ ಒಂದರ ಹತ್ತಿರ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನಿಂಬೆಹಣ್ಣಿನ ರಸವೇ ಎರಡರ ಮೇಲಿರುತ್ತದೆ. ಅಂಥ ಕಡೆ ಮೀಥೇನ್ ತಿಂದು ಬದುಕುವ ಜೀವಿ ಇರಲಾರದು ಅಂತಲೇ ಎಲ್ಲರ ನಂಬಿಕೆಯಾಗಿತ್ತು. ಆಗ ಗೊತ್ತಿದ್ದ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳೆಲ್ಲ ಒಂದೇ ವಂಶದವು, ಅವು ಇಂಥ ಹುಳಿಯಲ್ಲಿ ಬದುಕುತ್ತಿರಲಿಲ್ಲ.

ನೆದರ್ಲೆಂಡ್ಸ್‌ನ ನೈಮೇಹನ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಆ ಮಣ್ಣನ್ನು ಲ್ಯಾಬಿಗೆ ಒಯ್ದರು. ಮೀಥೇನ್ ಕೊಟ್ಟರು. ಅದು ಕರಗುತ್ತಾ ಹೋಯಿತು. ಯಾರೋ ತಿನ್ನುತ್ತಿದ್ದಾರೆ! ಬೇರ್ಪಡಿಸಿ ನೋಡಿದರೆ ಹೊಚ್ಚಹೊಸ ಬ್ಯಾಕ್ಟೀರಿಯಾ. ವೆರುಕೋಮೈಕ್ರೋಬಿಯಾ ಅನ್ನುವ ಬೇರೆಯೇ ವಂಶ. ಐವತ್ತೈದು ಡಿಗ್ರಿ ಅಂದರೆ ಅದಕ್ಕೆ ಹಿತ. ಪಿಎಚ್ ಒಂದಕ್ಕಿಂತ ಕೆಳಗೂ ಬೆಳೆಯುತ್ತದೆ. 2007ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ನ್ಯೂಜಿಲೆಂಡ್‌ನ ಹೆಲ್ಸ್ ಗೇಟ್ ಅನ್ನುವ ಬಿಸಿ ನೆಲದಿಂದ ಇನ್ನೊಂದು ತಂಡ ಇದರ ದಾಯಾದಿಯನ್ನು ಹಿಡಿದಿತ್ತು. ರಷ್ಯಾದ ಕಮ್ಚಟ್ಕಾದಿಂದ ಮೂರನೆಯದು. ಭೂಮಿಯ ಮೂರು ಮೂಲೆಗಳಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಈಗ ಮೂರಕ್ಕೂ ಸೇರಿ ಮೀಥೈಲಾಸಿಡಿಫೈಲಮ್ ಅಂತ ಹೆಸರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ನೈಮೇಹನ್‌ನವರಿಗೆ ಒಂದು ತೊಡಕು ಎದುರಾಯಿತು. ಬ್ಯಾಕ್ಟೀರಿಯಾಗೆ ಬೇಕಾದ ಲವಣ, ಸಾರಜನಕ, ರಂಜಕ, ಕಬ್ಬಿಣ, ತಾಮ್ರ ಎಲ್ಲವನ್ನೂ ಅಳೆದು ಹಾಕಿದರೂ ಅದು ಸರಿಯಾಗಿ ಬೆಳೆಯುತ್ತಿರಲಿಲ್ಲ. ಸೋಲ್ಫತಾರಾದ ಕೆಸರು ಗುಂಡಿಯ ನೀರನ್ನು ಸ್ವಲ್ಪ ಬೆರೆಸಿದರೆ ಮಾತ್ರ ಬೆಳೆಯುತ್ತಿತ್ತು. ಆ ನೀರು ಮುಗಿದರೆ ಬೆಳವಣಿಗೆ ನಿಂತೇ ಹೋಗುತ್ತಿತ್ತು. ಅದರಲ್ಲಿ ಅಂಥದ್ದೇನಿದೆ?

ಉತ್ತರ ಪ್ರಕಟವಾಗಿದ್ದು 2014ರಲ್ಲಿ. ಕೆಸರು ನೀರಿನಲ್ಲಿದ್ದದ್ದು ಸೀರಿಯಂ, ಲ್ಯಾಂಥನಂ ಥರದ ವಿರಳ ಭಸ್ಮ ಧಾತುಗಳು. ನಮ್ಮ ಜಾತ್ರೆ, ಮದುವೆಗಳಲ್ಲಿ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ನೆನಪಿದೆಯಾ? ಅದರ ಬತ್ತಿಯ ಚೀಲಕ್ಕೆ ಥೋರಿಯಂ ಜೊತೆ ಚೂರು ಸೀರಿಯಂ ಹಾಕುತ್ತಿದ್ದರು. ಬೀಡಿ ಹಚ್ಚುವ ಲೈಟರ್‌ನ ಚಕ್ರ ತಿರುವಿದಾಗ ಕಿಡಿ ಹಾರುವ ಕಲ್ಲಿನಲ್ಲೂ ಸೀರಿಯಂ ಇದೆ. ಜೀವಿಗಳಿಗೆ ಈ ಧಾತುಗಳಿಂದ ಏನೂ ಕೆಲಸವಿಲ್ಲ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದರು. ಮೀಥೇನನ್ನು ಮೆಥನಾಲ್ ಮಾಡಿಕೊಂಡ ಮೇಲೆ ಆ ಮೆಥನಾಲನ್ನು ಮುಂದಕ್ಕೆ ಒಡೆಯುವ ಕಿಣ್ವ ಒಂದಿದೆ. ಬೇರೆ ಬ್ಯಾಕ್ಟೀರಿಯಾಗಳಲ್ಲಿ ಅದರ ನಡುವೆ ಕ್ಯಾಲ್ಸಿಯಂ ಕೂತಿರುತ್ತದೆ. ಇದರಲ್ಲಿ ಕೂತಿದ್ದದ್ದು ಸೀರಿಯಂ! ಕಲ್ಲಿನಲ್ಲಿ ಗಟ್ಟಿಯಾಗಿ ಅಂಟಿಕೊಂಡ ಆ ಧಾತುವನ್ನು ಕುದಿಯುವ ಆಮ್ಲವೇ ಕರಗಿಸಿ ಕೊಡುತ್ತದೆ. ನಾವು ಯಾವ ಹುಳಿಯನ್ನು ನೋಡಿ ಇಲ್ಲಿ ಜೀವ ಇರಲಾರದು ಅಂದುಕೊಂಡೆವೋ, ಆ ಜೀವ ನಿಂತಿರುವುದೇ ಆ ಹುಳಿಯಿಂದ. ಮಕ್ಕಳೇ, ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ.

ಸರಿ. ಈ ಬ್ಯಾಕ್ಟೀರಿಯಾಗೆ ಮೀಥೇನ್ ಜೊತೆ ಆಮ್ಲಜನಕವೂ ಬೇಕು. ಒಂದು ಕೆಳಗಿನಿಂದ ಬರಬೇಕು, ಇನ್ನೊಂದು ಮೇಲಿನಿಂದ ಇಳಿಯಬೇಕು. ಎರಡೂ ಸಂಧಿಸುವುದು ಮೇಲ್ಮಣ್ಣಿನ ತೆಳ್ಳನೆಯ ಪದರದಲ್ಲಿ. ಹಾಗಾಗಿ ರಂಧ್ರದಿಂದ ರಭಸವಾಗಿ ನುಗ್ಗುವ ಅನಿಲದ ಮೇಲೆ ಇವುಗಳ ಆಟ ನಡೆಯುವುದಿಲ್ಲ. ನಿಧಾನವಾಗಿ ಒಸರುವುದನ್ನು ಮಾತ್ರ ಹಿಡಿಯುತ್ತವೆ.

ಎಲ್ಲ ಬಿಸಿ ಮಣ್ಣಿನಲ್ಲೂ ಇವು ಇರುತ್ತವೆಯಾ? ಸಿಸಿಲಿಗೂ ಆಫ್ರಿಕಾಕ್ಕೂ ನಡುವೆ ಪಂತೆಲ್ಲೆರಿಯಾ ಅನ್ನುವ ದ್ವೀಪ ಇದೆ. ಅಲ್ಲಿಯ ಫವಾರಾ ಗ್ರಾಂದೆಯಲ್ಲಿ ಒಂದಕ್ಕೊಂದು ಹತ್ತಿರವೇ ಇದ್ದ ಎರಡು ಜಾಗಗಳ ಮಣ್ಣು ತೆಗೆದರು. ಎರಡೂ ಅರವತ್ತು ಡಿಗ್ರಿ ಆಸುಪಾಸಿನ ಬಿಸಿ. ಒಂದರ ಪಿಎಚ್ 3.4, ಇನ್ನೊಂದರದ್ದು 5.8. ಮೊದಲನೆಯದರಲ್ಲಿ ಮೀಥೇನ್ ತಿನ್ನುವ ಸುಳಿವೇ ಇಲ್ಲ. ಎರಡನೆಯದರಲ್ಲಿ ಹಳೆಯ ವಂಶದವು, ಹೊಸ ವಂಶದವು ಎಲ್ಲ ಸೇರಿ ಹಬ್ಬ ಮಾಡುತ್ತಿದ್ದವು. ಸೋಲ್ಫತಾರಾದಲ್ಲಿ ಪಿಎಚ್ ಒಂದಾದರೂ ಇವೆ, ಇಲ್ಲಿ 3.4 ಇದ್ದರೂ ಇಲ್ಲ. ಹಾಗಾದರೆ ಹುಳಿ ಒಂದೇ ಕಾರಣವಲ್ಲ. ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್, ಮಣ್ಣಿನ ಅಮೋನಿಯಂ, ಒಳಗೆ ಇಳಿಯುವ ಗಾಳಿ ಎಲ್ಲವೂ ಸೇರಿ ತೀರ್ಮಾನ ಮಾಡುತ್ತವೆ. ಒಂದೇ ಊರಿನ ಅಕ್ಕಪಕ್ಕದ ಮಣ್ಣು ಹೀಗಿರುವಾಗ, ಒಂದು ಗುಣಕ ಹಿಡಿದು ಇಡೀ ಭೂಮಿಗೆ ಗುಣಿಸಿದರೆ ಆಗುತ್ತದಾ? ಡಬ್ಬಿ ಹಾಕಬೇಕು.

ಡಬ್ಬಿ ಇಲ್ಲೇ ಮೇಜಿನ ಮೇಲಿದೆ, ನೋಡಿ. ಎತ್ತಿ ಹಿಡಿಯುತ್ತೇನೆ. ಒಂದು ಕಡೆ ಬಾಯಿ ತೆರೆದ ಪ್ಲಾಸ್ಟಿಕ್ ಡಬ್ಬಿ, ಮೇಲೆ ತೂತು, ತೂತಿಗೆ ರಬ್ಬರ್ ಬಿರಡೆ. ಈ ಲೋಹದ ಬಳೆಯನ್ನು ಮೊದಲು ಎರಡು ಮೂರು ಇಂಚು ಮಣ್ಣಿಗೆ ಇಳಿಸಬೇಕು. ಇಳಿಸಿದ ತಕ್ಷಣ ಅಳೆಯಬಾರದು, ಕಲಕಿದ ಮಣ್ಣು ಸಮಾಧಾನವಾಗಬೇಕು. ಆಮೇಲೆ ಡಬ್ಬಿಯನ್ನು ಬೋರಲು ಕೂರಿಸಿ, ಹತ್ತು ಹತ್ತು ನಿಮಿಷಕ್ಕೆ ಸಿರಿಂಜ್ ಚುಚ್ಚಿ ಒಳಗಿನ ಗಾಳಿ ಎಳೆದು, ಮುಚ್ಚಳ ಬಿಗಿದ ಶೀಶೆಗೆ ತುಂಬಬೇಕು. ಶೀಶೆಗಳು ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ ಹೋಗುತ್ತವೆ. ಮೀಥೇನ್ ಏರುತ್ತಾ ಹೋದರೆ ಮಣ್ಣು ಬಿಡುತ್ತಿದೆ. ಇಳಿಯುತ್ತಾ ಹೋದರೆ ಮಣ್ಣು ತಿನ್ನುತ್ತಿದೆ, ಮೇಲಿನ ಗಾಳಿಯಲ್ಲಿರುವುದನ್ನೂ ಬಿಡದೆ! ಬಿಸಿ ನೆಲದಲ್ಲಿ ಒಳಗೋಡೆಯೆಲ್ಲ ನೀರು ಹನಿಗಟ್ಟುತ್ತದೆ, ಸೂಜಿಗೆ ಹಬೆ ಹೋಗುತ್ತದೆ, ಅದಕ್ಕೆ ತೇವ ಹೀರುವ ಪುಡಿ ಇಟ್ಟುಕೊಳ್ಳಬೇಕು. ರೇಜಿಗೆ ಕೆಲಸ, ನಿಜ. ಕಂಪ್ಯೂಟರ್ ಮುಂದೆ ಕೂತು ತ್ರೈರಾಶಿ ಮಾಡುವಷ್ಟು ಸುಖವಲ್ಲ.

ಅಳತೆ ಯಾಕೆ ಮುಖ್ಯ ಅಂತ ಇನ್ನೊಂದು ಉದಾಹರಣೆ ಕೊಡುತ್ತೇನೆ. ಭೂಮಿಯ ಒಳಗಿನಿಂದ, ಅಂದರೆ ಕೆಸರು ಜ್ವಾಲಾಮುಖಿ, ತೈಲಪ್ರದೇಶದ ಸೋರಿಕೆ, ಬಿಸಿ ನೆಲ ಎಲ್ಲ ಸೇರಿ ವರ್ಷಕ್ಕೆ 4ರಿಂದ 6 ಕೋಟಿ ಟನ್ ಮೀಥೇನ್ ತಾನಾಗಿ ಬರುತ್ತದೆ ಅಂತ ಇಟಲಿಯ ಜುಸೆಪ್ಪೆ ಎತಿಯೋಪೆ ಮತ್ತವರ ಜೊತೆಗಾರರು ಲೆಕ್ಕ ಹಾಕಿದ್ದರು. ಆಮೇಲೆ ಇನ್ನೊಂದು ಗುಂಪು ಬೇರೆ ದಾರಿ ಹಿಡಿಯಿತು. ಕಾರ್ಬನ್-14 ಅಂದರೆ ಕಾಲ ಕಳೆದಂತೆ ತಾನಾಗಿ ಕ್ಷಯಿಸುವ ಒಂದು ಬಗೆಯ ಇಂಗಾಲ, ಬಹಳ ಹಳೆಯ ಇಂಗಾಲದಲ್ಲಿ ಅದು ಉಳಿದಿರುವುದಿಲ್ಲ. ಕೈಗಾರಿಕೆಗಳಿಗಿಂತ ಹಿಂದಿನ ಗಾಳಿ ಧ್ರುವದ ಮಂಜುಗಡ್ಡೆಯ ಗುಳ್ಳೆಗಳಲ್ಲಿ ಸಿಕ್ಕಿಕೊಂಡಿದೆ. ಆ ಮೀಥೇನಿನಲ್ಲಿ ಕಾರ್ಬನ್-14 ಎಷ್ಟು ಕಡಿಮೆ ಇದೆಯೋ, ಅಷ್ಟು ಪಾಲು ಭೂಮಿಯ ಒಳಗಿನದು. ಅಂಟಾರ್ಕ್ಟಿಕಾದ ಟೇಲರ್ ಹಿಮನದಿಯಲ್ಲಿ ಒಂದೊಂದು ಮಾದರಿಗೂ ಟನ್ ಲೆಕ್ಕದಲ್ಲಿ ಮಂಜುಗಡ್ಡೆ ಕರಗಿಸಿದರು. 2017ರಲ್ಲಿ ಬಂದ ಉತ್ತರ, ಹೆಚ್ಚೆಂದರೆ 1.54 ಕೋಟಿ ಟನ್. 2020ರಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಮಂಜಿನಿಂದ ಬಂದ ಉತ್ತರ ಇನ್ನೂ ಚಿಕ್ಕದು, ಸರಾಸರಿ 16 ಲಕ್ಷ ಟನ್, ಹೆಚ್ಚೆಂದರೆ 54 ಲಕ್ಷ. ಕೋಟಿ ಎಲ್ಲಿ, ಲಕ್ಷ ಎಲ್ಲಿ! ಎತಿಯೋಪೆ ಅದನ್ನು ಒಪ್ಪಿಲ್ಲ, ನೆಲದ ಮೇಲೆ ಅಳೆದದ್ದೇ ಅದಕ್ಕಿಂತ ಜಾಸ್ತಿ ಇದೆ ಅನ್ನುತ್ತಾರೆ.

ಇದು ಬರೀ ವಿಜ್ಞಾನಿಗಳ ಜಗಳವಲ್ಲ. ಪ್ರಕೃತಿಯ ಪಾಲು ಕಡಿಮೆಯಾದರೆ ಪಳೆಯುಳಿಕೆ ಇಂಧನ ತೆಗೆಯುವವರ ಪಾಲು ಅಷ್ಟೇ ಜಾಸ್ತಿಯಾಗುತ್ತದೆ. ಯಾರ ಖಾತೆಗೆ ಎಷ್ಟು ಬರೆಯಬೇಕು ಅನ್ನುವ ಪ್ರಶ್ನೆ ಇದು. ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಬೇಕಾದರೆ ಇನ್ನಷ್ಟು ನೆಲಗಳಲ್ಲಿ ಡಬ್ಬಿ ಬೋರಲು ಬೀಳಬೇಕು. ಹೇಳಿದೆನಲ್ಲ, ಮತ್ತೆ ಮತ್ತೆ ಹೇಳುತ್ತೇನೆ ಅಂತ.

ಚೀಟಿ ಬಂದಿದೆ, ಹತ್ತು ನಿಮಿಷ ಅಂತೆ. ವಿದ್ಯುತ್ ಸ್ಥಾವರದ ವಿಷಯ ಬೇಗ ಹೇಳಿಬಿಡುತ್ತೇನೆ. ಇಟಲಿಯ ಲಾರ್ದೆರೆಲ್ಲೋದಲ್ಲಿ 1904ರಲ್ಲಿ ಭೂಮಿಯ ಹಬೆಯಿಂದ ಐದು ಬಲ್ಬು ಬೆಳಗಿಸಿದರು. ಅಲ್ಲಿಂದ ಈ ಉದ್ಯಮ ಶುರು. ನಾನು ಇದರ ವಿರೋಧಿಯಲ್ಲ, ಕಲ್ಲಿದ್ದಲಿಗಿಂತ ಎಷ್ಟೋ ವಾಸಿ. ಆದರೆ ಹಬೆಯ ಜೊತೆ ಬರುವ ಅನಿಲವನ್ನು ಕೊಳವೆಯಿಂದ ನೇರ ಗಾಳಿಗೆ ಬಿಟ್ಟರೆ ಅದು ಮಣ್ಣಿನ ಕಟ್ಟೆ ತಪ್ಪಿಸಿಕೊಂಡು ಹೋಯಿತು, ಸುಂಕ ಕಟ್ಟಲಿಲ್ಲ. ಈ ಅನಿಲ ಹೇಗಿದ್ದರೂ ನೆಲದಿಂದ ಬರುತ್ತಿತ್ತು, ನಾವು ಹೊಸದಾಗಿ ಏನೂ ಸೇರಿಸಲಿಲ್ಲ ಅಂತ ಒಂದು ವಾದ ಇದೆ. ಕಾರ್ಬನ್ ಡೈ ಆಕ್ಸೈಡ್ ವಿಷಯದಲ್ಲಿ ಆ ವಾದದಲ್ಲಿ ಸ್ವಲ್ಪ ಹುರುಳಿದೆ. ಮೀಥೇನ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಮಣ್ಣಿನ ದಾರಿಯಲ್ಲಿ ಬಂದಿದ್ದರೆ ಒಂದು ಪಾಲು ಅಲ್ಲೇ ಖರ್ಚಾಗುತ್ತಿತ್ತು. ಪೂಗಾ ಇರುವುದು ಹದಿನಾಲ್ಕು ಸಾವಿರ ಅಡಿಗೂ ಎತ್ತರದಲ್ಲಿ, ಗಂಧಕ, ಬೋರಾಕ್ಸ್ ಕೂತ ನೆಲದಲ್ಲಿ. ಅಂಥ ಕಡೆ ಸ್ಥಾವರ ನಡೆಯುವ ಮೊದಲು ಮಣ್ಣಿನ ಮೀಥೇನ್ ಎಷ್ಟಿತ್ತು ಅಂತ ಅಳೆದಿಡಬೇಕು. ಆಮೇಲೆ ಅಳೆದರೆ ಯಾವುದಕ್ಕೆ ಹೋಲಿಸುತ್ತೀರಿ?

ನಮ್ಮ ಜಿಲ್ಲೆಯ ಎರಡು ವಿಷಯ ಇಟ್ಟುಕೊಂಡಿದ್ದೆ, ಒಂದೊಂದು ಮಾತಿನಲ್ಲಿ ಹೇಳುತ್ತೇನೆ. ನಮ್ಮ ರಾಗಿ ಹೊಲದ ಒಣಮಣ್ಣಿನಂಥ ಮಣ್ಣಿನಲ್ಲೂ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ ಇವೆ, ಅವು ಗಾಳಿಯಿಂದಲೇ ತಿನ್ನುತ್ತವೆ. ಯೂರಿಯಾ ಸುರಿದಾಗ ಮಣ್ಣಿನಲ್ಲಿ ಅಮೋನಿಯಂ ಏರುತ್ತದೆ. ಮೀಥೇನ್ ಹಿಡಿಯಬೇಕಾದ ಕಿಣ್ವ ಅದನ್ನು ಹಿಡಿದುಕೊಂಡು ಕೂರುತ್ತದೆ, ಮೀಥೇನ್ ತಿನ್ನುವುದು ಕಡಿಮೆಯಾಗುತ್ತದೆ. ಬೇಕಾದಷ್ಟೇ ಹಾಕಿ ಅನ್ನಲು ಇದೂ ಒಂದು ಕಾರಣ. ಇನ್ನೊಂದು, ಕೆರೆ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬರುತ್ತಿದೆ. ನೀರು ಬಂತು, ಸಂತೋಷ. ಯಾವ ಕೆರೆಯಲ್ಲೇ ಆಗಲಿ, ಪೋಷಕಾಂಶ ಜಾಸ್ತಿಯಾಗಿ ಪಾಚಿ, ಜೊಂಡು ಬೆಳೆದು ತಳಕ್ಕೆ ಬಿದ್ದು ಕೊಳೆತರೆ ಮೀಥೇನ್ ಜಾಸ್ತಿಯಾಗುತ್ತದೆ. ಗೋಡು ಎತ್ತಿ ಹೊಲಕ್ಕೆ ಹೊಡೆಯುವ ನಮ್ಮ ಹಿರಿಯರ ಪದ್ಧತಿ ಇದಕ್ಕೂ ಒಳ್ಳೆಯದು. ಕೆರೆಯ ಮೇಲೆ ತೇಲುವ ಡಬ್ಬಿ ಹಾಕಿ ಅಳೆಯಬಹುದು, ಥರ್ಮಾಕೋಲ್ ಕಟ್ಟಿದರೆ ಸಾಕು.

ಮೇಷ್ಟ್ರುಗಳೇ, ಡಬ್ಬಿ, ಬಳೆ, ಬಿರಡೆ, ಸಿರಿಂಜ್ ಎಲ್ಲವನ್ನೂ ನಿಮ್ಮ ಶಾಲೆ, ಕಾಲೇಜಿನಲ್ಲೇ ಮಾಡಿಕೊಳ್ಳಬಹುದು. ಯಂತ್ರ ಮಾತ್ರ ವಿಶ್ವವಿದ್ಯಾಲಯದ್ದು ಬೇಕು, ಶೀಶೆಗಳನ್ನು ಅಲ್ಲಿಗೆ ಕಳಿಸುವ ವ್ಯವಸ್ಥೆ ಆಮೇಲೆ ಕೂತು ಮಾತಾಡೋಣ. ಬರುವವರು ನಿಮ್ಮ ಹೆಸರು, ಊರು ಬಾಗಿಲ ಹತ್ತಿರದ ಪುಸ್ತಕದಲ್ಲಿ ಬರೆದು ಹೋಗಿ. ಆ ನೀಲಿ ಅಂಗಿಯ ಹುಡುಗ ಆಗಲೇ ಕೈ ಎತ್ತಿದ್ದಾನೆ. ಕೇಳಪ್ಪ, ಜೋರಾಗಿ ಕೇಳು.